ಸುಣ್ಣದ ಗೆರೆ

ಎರಡನೆಯ ಬಿಂದಿಗೆ ಎತ್ತಿದ ಜನ್ನತಬಿಯ ಕೈ ಅರ್ಧಕ್ಕೇ ನಿಂತಿತು. ನೀರಿನಿಂದ ಹಬೆ ಏಳುತ್ತಿತ್ತು.

"ತಣ್ಣೀರ ಬೆರಸ್ರಿ, ಸುಡತೈತಿ," ಅಂದಳು.

ಗುಸಲ್ ಸ್ನಾನ ಮಾಡಿಸಲು ಲಕ್ಷ್ಮೇಶ್ವರದಿಂದ ಬಂದಿದ್ದ ಮುದುಕಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ತಣ್ಣೀರು ಬೆರೆಸಿದಳು. ಹಲಗೆಯ ಮೇಲೆ ಮಲಗಿಸಿದ್ದ ತಾಯಿ ಮೋತಿಬಿಗೆ ಸುಡುವುದು, ತಣ್ಣಗಾಗುವುದು ಎರಡೂ ಬೆಳಗಿನ ಜಾವಕ್ಕೇ ಮುಗಿದಿದ್ದವು.

ಹಿತ್ತಲಿನಲ್ಲಿ ಗೂಟ ನೆಟ್ಟು ಸುತ್ತಲೂ ಸೀರೆ ಕಟ್ಟಿ ಮರೆ ಮಾಡಿದ್ದರು. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಅಲ್ಲೆಲ್ಲ ತುಂಬಿತ್ತು. ಜನ್ನತಬಿ ತಾಯಿಯ ಕಾಲ ಕಡೆ ಕೂತಿದ್ದಳು. ತಲೆಯ ಕಡೆ ತಂಗಿ ತಬಸ್ಸುಮ ಕೂರಬೇಕಾಗಿತ್ತು. ಮುಂಡರಗಿಯಿಂದ ಅವಳು ಹೊರಟ ಬಸ್ಸು ಇನ್ನೂ ಮುಟ್ಟಿರಲಿಲ್ಲ.

"ಸಣ್ಣ ಮಗಳು ಬರೂತನಾ ತಡಿಯೂದೇನವಾ?" ಮುದುಕಿ ಕೇಳಿದಳು.

"ಮುಖಾ ನೋಡಾಕ ಸಿಗತೈತಿ. ನೀವು ಮಾಡ್ರಿ."

ಸೀರೆಯ ಆಚೆಯಿಂದ ಒಂದು ಕೈ ಕರ್ಪೂರದ ಪೊಟ್ಟಣ ಚಾಚಿತು. ಅದು ಶಾರದವ್ವನ ಕೈ. ಊರೊಳಗಿನ ಒಕ್ಕಲಿನ ಮನೆಯವಳು. ಮೋತಿಬಿ ವಯಸ್ಸಿಗೆ ಬಂದಾಗಿನಿಂದ ಕಳೆ ತೆಗೆದದ್ದು ಆಕೆಯ ಹೊಲದಲ್ಲೇ. ಒಡತಿ, ಆಳು ಇಬ್ಬರೂ ಮುದುಕಿಯರಾದ ಮೇಲೆ ಬದುವಿನ ಮೇಲೆ ಕೂತು ಒಂದೇ ಚೀಲದಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅತ್ತು ಬಿಡವಾ ಜನ್ನತಾ," ಶಾರದವ್ವ ಅಂದಳು. "ಒಳಗ ಇಟ್ಕೋಬ್ಯಾಡ."

"ಹೂಂ," ಅಂದಳು ಜನ್ನತಬಿ. ಅಳು ಬರಲಿಲ್ಲ. ಬಂದರೆ ಅಳೋಣ ಎಂದು ಬೆಳಿಗ್ಗೆಯಿಂದ ಕಾದಿದ್ದಳು. ಮೈಯೆಲ್ಲ ಕೂತು ಕೂತು ಜುಮುಗುಟ್ಟಿದ ಕಾಲಿನಂತೆ ಆಗಿತ್ತು, ಚಿವುಟಿದರೂ ತಿಳಿಯದ ಹಾಗೆ.

ಹುಣಸೆಮಡ್ಡಿ ಲಕ್ಷ್ಮೇಶ್ವರಕ್ಕೆ ಹತ್ತಿರದ ಊರು. ಊರು ಮುಗಿದು ಹಳೆಯ ಕಲ್ಲು ಕ್ವಾರಿ ಶುರುವಾಗುವ ಕಡೆ ಸಿದ್ದಿಗಳ ಓಣಿ. ಮೋತಿಬಿಯ ಅಜ್ಜನ ಕಾಲಕ್ಕೆ ಯಲ್ಲಾಪುರದ ಕಾಡಿನ ಕಡೆಯಿಂದ ಕಲ್ಲು ಒಡೆಯಲು ಕರೆತಂದ ಜನ. ಕ್ವಾರಿ ಬರಿದಾದ ಮೇಲೂ ಹಿಂದಿರುಗಲಿಲ್ಲ. ತಮ್ಮ ಹಿರಿಯರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರನ್ನಾಗಿ ತಂದಿದ್ದರು ಎಂಬುದು ಈಚೆಗೆ ಕಾಲೇಜು ಕಲಿತ ಮಕ್ಕಳು ಮನೆಗೆ ತಂದ ಸುದ್ದಿ. ಅಲ್ಲಿಯವರೆಗೆ ಅವರಿಗೆ ತಮ್ಮ ಬಗ್ಗೆ ಗೊತ್ತಿದ್ದದ್ದು ಊರವರು ಅನ್ನುತ್ತಿದ್ದ ಮಾತಷ್ಟೇ: ಗುಂಗುರು ಕೂದಲಿನವರು, ಹಬಸಿ ಓಣಿಯವರು.

ಕಫನ್ ಹೊದಿಸುವ ಹೊತ್ತಿಗೆ ತಬಸ್ಸುಮ ಬಂದಳು. ಓಣಿಯ ತುದಿಯಿಂದಲೇ ಅವಳ ಅಳು ಕೇಳಿಸಿತು. ಒಳಗೆ ಬಂದವಳು ತಾಯಿಯ ಮೇಲೆ ಬೀಳಹೋದಾಗ ಜನ್ನತಬಿ ಹಿಂದಿನಿಂದ ಅವಳ ಎರಡೂ ತೋಳು ಹಿಡಿದಳು, ತುಂಬಿದ ಕೊಡ ಹಿಡಿಯುವ ಹಾಗೆ.

"ಬಟ್ಟಿ ತೊಯ್ದಾವು," ಅಂದಳು. "ಮೆಲ್ಲಕ ನೋಡು."

*

ಶಾಲೆಯ ಆರನೆಯ ಇಯತ್ತೆಯಲ್ಲಿದ್ದ ವರ್ಷ ಜನ್ನತಬಿ ತಾಯಿಯನ್ನು ತಪ್ಪು ಬಸ್ಸಿಗೆ ಹತ್ತಿಸಿದಳು.

ತಂದೆಯನ್ನು ಶಿರಹಟ್ಟಿಯ ದವಾಖಾನೆಯಲ್ಲಿ ಇಟ್ಟಿದ್ದರು. ಕಲ್ಲಿನ ಪುಡಿ ಕುಡಿದು ಕುಡಿದು ಕೆಟ್ಟ ಎದೆ. ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿಗಂಟು ಕಂಕುಳಲ್ಲಿ ಒತ್ತಿಕೊಂಡು ನಿಂತ ಮೋತಿಬಿ, "ಯಾವ್ದು, ನೋಡು," ಅಂದಳು. ಮಗಳು ಶಾಲೆಗೆ ಹೋಗುವವಳು, ಇನ್ನು ಕಂಡ ಕಂಡವರನ್ನು ಕೇಳುವ ಕೆಲಸವಿಲ್ಲ ಎಂಬ ಸಣ್ಣ ಜಂಬ ಆ ದನಿಯಲ್ಲಿತ್ತು. ಜನ್ನತಬಿ ಬೋರ್ಡುಗಳನ್ನು ನೋಡಿದಳು. ಗುಂಡು ಗುಂಡಗಿನ ಅಕ್ಷರಗಳು. ಒಂದೂ ಗುರುತು ಸಿಗಲಿಲ್ಲ. ತಾಯಿ ಕಾಯುತ್ತಿದ್ದಳು. ಜನ್ನತಬಿ ಎದುರಿಗಿದ್ದ ಬಸ್ಸಿಗೆ ಕೈ ತೋರಿಸಿ, "ಇದ," ಅಂದಳು.

ಕಂಡಕ್ಟರ್ ಬರುವ ಹೊತ್ತಿಗೆ ಬಸ್ಸು ಊರು ದಾಟಿ ಸವಣೂರಿನ ರಸ್ತೆ ಹಿಡಿದಿತ್ತು. "ಬೋರ್ಡ್ ಓದೂದಿಲ್ಲೇನ?" ಎಂದು ಗದರಿದ. ಮೋತಿಬಿ, ಮಗಳು ಆರನೆಯ ಇಯತ್ತೆ ಎಂದಳು. ಕಂಡಕ್ಟರ್ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಆರನೇತ್ತೇನ? ಏನ ಕಲಸ್ತಾರವಾ ನಿಮಗ?" ಅಂದ. ಬಸ್ಸಿನಲ್ಲಿ ನಾಲ್ಕು ಜನ ನಕ್ಕರು.

ಇಳಿದು ಬಿಸಿಲಿನಲ್ಲಿ ಹಿಂದಕ್ಕೆ ನಡೆದರು. ಬಹಳ ದೂರ ಹೋದ ಮೇಲೆ ಮೋತಿಬಿ ಕೇಳಿದಳು.

"ಶಾಲ್ಯಾಗ ಏನ ಮಾಡ್ತಿ?"

"ಓಡ್ತೀನಿ."

"ಓಡೂದ ಬಿಟ್ಟು?"

"ನೀರ ತರತೀವಿ. ಕಸಾ ಹೊಡೀತೀವಿ. ಮಧ್ಯಾಹ್ನ ಆದಮ್ಯಾಲ ಓಡಾಕ ಬಿಡ್ತಾರ."

"ಓದೂದು?"

"ಅದು ಮುಂದ ಕುಂತವ್ರಿಗೆ ಹೇಳ್ತಾರ. ನಾವು ಓಣ್ಯಾಗಿನವ್ರು ಹಿಂದ ಕುಂದರ್ತೀವಿ."

ಮರುದಿನ ಮೋತಿಬಿ ಕೂಲಿ ಬಿಟ್ಟು ಶಾಲೆಗೆ ಹೋದಳು. ಹೆಡ್ ಮಾಸ್ತರರು ಕೆಟ್ಟದಾಗಿ ಮಾತಾಡಲಿಲ್ಲ, ಕೂರಲು ಹೇಳಿದರು. "ಓಡೂದು ನಿಮ್ಮ ಮಂದಿ ರಕ್ತದಾಗ ಐತಿ ಮೋತಿಬಿ. ಅಕ್ಷರಾ ಎಲ್ಲಾರಿಗೂ ಹತ್ತೂದಿಲ್ಲ. ಹತ್ತದ್ದನ್ನ ಹೊಡದು ಬಡದು ಯಾಕ ಕಲಸ್ಬೇಕು?" ಎಂದು ಕಪಾಟಿನ ಕಡೆ ಕೈ ಮಾಡಿದರು. ಗಾಜಿನ ಹಿಂದೆ ತಾಲೂಕಿನ ಆಟಗಳಲ್ಲಿ ಗೆದ್ದ ಶೀಲ್ಡುಗಳಿದ್ದವು. ಎಲ್ಲವೂ ಓಣಿಯ ಮಕ್ಕಳು ಓಡಿ ತಂದವು.

ಮೋತಿಬಿ ಹತ್ತಿರ ಹೋಗಿ ನೋಡಿದಳು. "ಇದರ ಮ್ಯಾಲ ಏನ ಬರದೈತ್ರಿ?"

"ಶಾಲಿ ಹೆಸರು."

"ಓಡಿದವ್ರ ಹೆಸರು?"

"ಅದನ್ಯಾಕ ಬರೀತಾರ," ಅಂದರು ಹೆಡ್ ಮಾಸ್ತರರು.

*

ಅಂಗಳದಲ್ಲಿ ಶಾಮಿಯಾನದ ಅಂಗಡಿಯಿಂದ ತಂದ ಕುರ್ಚಿಗಳಿದ್ದವು. ಜನ ಬರುತ್ತಲೇ ಇದ್ದರು. ಗದಗಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, ಬೆಟಗೇರಿಯ ಹೈಸ್ಕೂಲಿನಲ್ಲಿ ಕ್ಲಾರ್ಕ್ ಆಗಿರುವವನು, ಫಾರೆಸ್ಟ್ ಗಾರ್ಡ್ ಆದವನು. ಎಲ್ಲರೂ ಓಣಿಯಲ್ಲಿ ಹುಟ್ಟಿ ಹೊರಗೆ ಹೋದವರು. ಒಳಗೆ ಹೋಗಿ ಮುಖ ನೋಡಿ ಬಂದು ಮೋತಿಬಿಯ ತಮ್ಮ ನಜೀರಸಾಬನ ಕೈ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ನಜೀರಸಾಬ ಎಲ್ಲರಿಗೂ, "ಅಸರ್ ನಮಾಜ್ ಆದ ಮ್ಯಾಲ ಒಯ್ಯೂದು," ಎಂದು ಒಂದೇ ಮಾತು ಹೇಳುತ್ತಿದ್ದ.

ಮೂರರ ಸುಮಾರಿಗೆ ಭೀಮೇಶ ಮಾಸ್ತರ ಬಂದರು. ಹಿಂದೆ ಊರ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಎಂಬತ್ತರ ಹತ್ತಿರದ ವಯಸ್ಸು, ಆದರೂ ನೆಟ್ಟಗೆ ಕೂರುವ ರೂಢಿ ಬಿಟ್ಟಿರಲಿಲ್ಲ. ಶಾರದವ್ವನ ಮನೆಯಿಂದ ಬಂದ ಚಹಾ ಹಂಚುತ್ತ ಜನ್ನತಬಿ ಬಾಗಿಲಿಗೆ ಬಂದಾಗ ಅವರು ಪಕ್ಕದವರಿಗೆ ಹೇಳುತ್ತಿದ್ದರು.

"ಧಾರವಾಡದ ಕ್ರೀಡಾ ಹಾಸ್ಟೆಲ್‌ನವ್ರು ತಾಲೂಕಿನ ಆಟದ ದಿನಾ ಜನ್ನತನ್ನ ನೋಡಾಕಂತನ ಬಂದಿದ್ರು. ನಾನ ಕಾಗದಾ ಹಾಕಿ ಕರಸಿದ್ದೆ. ಹಂಗ ಓಡುವ ಹುಡುಗಿನ್ನ ನಾ ಮತ್ತ ನೋಡಿಲ್ಲ. ಓಡಿದ್ರ ಇವತ್ತ ರೈಲ್ವೇದಾಗ ನೌಕರಿ ಇರತಿತ್ತು. ಮೋತಿಬಿ ಕೆಟ್ಟ ಹಟಮಾರಿ."

"ಮಾಸ್ತರ, ಇವತ್ತ ಬ್ಯಾಡ್ರಿ," ನಜೀರಸಾಬ ಅಂದ.

ತಬಸ್ಸುಮ ಒಳಗಿನಿಂದ ಹೊರಗೆ ಬಂದಿದ್ದಳು. ಅತ್ತು ಅವಳ ಕಣ್ಣು ಊದಿದ್ದವು. "ಅಮ್ಮ ಹಟಾ ಮಾಡದಿದ್ರ ನಾ ಇವತ್ತ ಮುಂಡರಗ್ಯಾಗ ಶಾಲಿ ಕಲಸ್ತಿದ್ದಿಲ್ಲ ಸರ್. ಇಲ್ಲಿ ಬಂದಾರಲ್ಲ, ಇವರ್ಯಾರೂ ಏನೂ ಆಗ್ತಿದ್ದಿಲ್ಲ. ನಿಮ್ಮ ಕಪಾಟಿನಾಗ ಇನ್ನೊಂದಿಷ್ಟು ಶೀಲ್ಡ್ ಇರ್ತಿದ್ವು, ಅಷ್ಟ."

ಮಾಸ್ತರರು ಅವಳನ್ನು ನೋಡಿದರು. ದನಿ ಏರಿಸಲಿಲ್ಲ. "ನಾ ನಿನ್ನ ವಿಷಯಾ ಹೇಳಲಿಲ್ಲವಾ. ನಿಮ್ಮ ಅಕ್ಕನ ವಿಷಯಾ ಹೇಳಿದೆ."

ಅಂಗಳದಲ್ಲಿದ್ದ ಎಲ್ಲರ ಮುಖ ಬಾಗಿಲ ಕಡೆ ತಿರುಗಿತು. ಜನ್ನತಬಿ ತಟ್ಟೆ ಹಿಡಿದು ಮಾಸ್ತರರ ಮುಂದೆ ಬಂದು ನಿಂತಳು. ಚಹಾದ ಮೇಲೆ ಕೆನೆ ಕಟ್ಟಿತ್ತು.

"ನಿಮಗ ಸಕ್ಕರಿ ಬ್ಯಾನಿ ಐತೇನ್ರಿ ಸರ್? ಇದರಾಗ ಸಕ್ಕರಿ ಹಾಕ್ಯಾರ."

"ಇಲ್ಲವಾ, ಏನೂ ಇಲ್ಲ," ಎಂದು ಮಾಸ್ತರರು ಲೋಟ ತೆಗೆದುಕೊಂಡರು.

*

ಆಟದ ದಿನ ಬೆಳಿಗ್ಗೆ ಮೋತಿಬಿ ಮಗಳ ತಲೆ ಬಾಚುತ್ತಿದ್ದಳು. ಆ ಕೂದಲಿಗೆ ಬಾಚಣಿಗೆ ಸುಲಭಕ್ಕೆ ಇಳಿಯುತ್ತಿರಲಿಲ್ಲ; ಎಣ್ಣೆ ಹಾಕಿ, ಬೆರಳಿನಿಂದ ಬಿಡಿಸಿ, ಎಳೆಎಳೆಯಾಗಿ ಹೆಣೆಯಬೇಕು. ಹೆಣೆಯುತ್ತಲೇ ಹೇಳಿದಳು.

"ಓಣ್ಯಾಗ ಎಲ್ಲಾರ ಜೋಡಿ ಮಾತಾಡೀನಿ. ಇವತ್ತ ಯಾರೂ ಓಡೂದಿಲ್ಲ, ಗೆರಿ ಮ್ಯಾಲ ಕುಂದರ್ತಾರ ಅಂದಾರ. ಆದ್ರ ಹುಡುಗ್ರು ನಿನ್ನ ಮುಖಾ ನೋಡ್ತಾವ. ನೀ ಕುಂತ್ರ ಕುಂದರ್ತಾವ. ನೀ ಓಡಿದ್ರ ಓಡ್ತಾವ."

ಜನ್ನತಬಿಗೆ ಧಾರವಾಡದವರು ಬರುವುದು ಗೊತ್ತಿತ್ತು. ಅದು ತಾಯಿಗೂ ಗೊತ್ತು ಎಂಬುದು ಅವಳಿಗೆ ಗೊತ್ತಿತ್ತು.

"ಓಡಬ್ಯಾಡ ಅಂತಿಯೇನ?"

"ಅನ್ನೂದಿಲ್ಲ," ಅಂದಳು ಮೋತಿಬಿ. ಕೊನೆಯ ಹೆಣಿಗೆಗೆ ರಿಬ್ಬನ್ ಸುತ್ತಿ ಗಂಟು ಹಾಕಿದಳು. "ಅನ್ನಾಕ ನನಗ ಬಾಯಿಲ್ಲ."

ಶಿರಹಟ್ಟಿಯ ಮೈದಾನದಲ್ಲಿ ಹಿಂದಿನ ರಾತ್ರಿಯ ಮಳೆಗೆ ಮಣ್ಣು ಮೆತ್ತಗಾಗಿತ್ತು. ಓಡಲು ಅಂಥ ನೆಲ ಮತ್ತೆ ಸಿಗುವುದಿಲ್ಲ ಎಂದು ಜನ್ನತಬಿಯ ಅಂಗಾಲಿಗೆ ಹೆಜ್ಜೆ ಇಟ್ಟ ಕೂಡಲೇ ತಿಳಿಯಿತು. ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ಬೇವಿನ ಗಿಡದ ಕೆಳಗೆ ಕೂತಿದ್ದರು. ಮೇಜಿನ ಹಿಂದೆ ಬಿಳಿ ಟೊಪ್ಪಿಗೆಯ ಒಬ್ಬ ಮನುಷ್ಯನಿದ್ದ. ಭೀಮೇಶ ಮಾಸ್ತರ ಅವನ ಕಿವಿಯಲ್ಲಿ ಏನೋ ಹೇಳಿ ಅವಳ ಕಡೆ ಬೆರಳು ತೋರಿಸಿದರು.

ಹೆಸರು ಕೂಗಿದರು. ಅವಳು ಬಂದು ಓಟ ಶುರುವಾಗುವ ಸುಣ್ಣದ ಗೆರೆಯ ಮೇಲೆ ನಿಂತಳು. ಎದುರಿಗೆ ಮೈದಾನ ಉದ್ದಕ್ಕೆ ಖಾಲಿ ಬಿದ್ದಿತ್ತು. ಅವಳು ತಾಯಿಯ ಕಡೆ ತಿರುಗಿ ನೋಡಿದಳು. ಮೋತಿಬಿ ತಲೆ ತಗ್ಗಿಸಿ ನೆಲದ ಹುಲ್ಲು ಕೀಳುತ್ತಿದ್ದಳು, ಬೇಕೆಂದೇ ನೋಡುತ್ತಿರಲಿಲ್ಲ.

ಸೀಟಿ ಊದಿದರು. ಬೇರೆ ಊರಿನ ಹುಡುಗಿಯರು ಓಡಿದರು. ಜನ್ನತಬಿ ಕೂತಳು.

ಮೊದಲು ಕಾಲಿಗೆ ಮುಳ್ಳು ಚುಚ್ಚಿತೆಂದುಕೊಂಡರು. ಭೀಮೇಶ ಮಾಸ್ತರ ಓಡಿ ಬಂದು ರಟ್ಟೆ ಹಿಡಿದು ಎತ್ತಿದರು; ಬಿಟ್ಟ ಕೂಡಲೇ ಮತ್ತೆ ಕೂತಳು. ಆಮೇಲಿನ ಓಟಕ್ಕೆ ಬಂದ ಓಣಿಯ ಹುಡುಗನೂ ಕೂತ. ಅವನ ಹಿಂದಿನವನೂ. ಮಧ್ಯಾಹ್ನದ ಹೊತ್ತಿಗೆ ಸುಣ್ಣದ ಗೆರೆಯುದ್ದಕ್ಕೂ ಸಿದ್ದಿಗಳ ಮಕ್ಕಳು ಸಾಲಾಗಿ ಕೂತಿದ್ದರು. ನೋಡಲು ಬಂದ ಜನ ಸಿಳ್ಳೆ ಹಾಕಿದರು, ಕೆಲವರು ಬೈದರು. ಕೊನೆಗೆ ಶಿಕ್ಷಣ ಖಾತೆಯ ಸಾಹೇಬರು ಕೊಡೆ ಹಿಡಿದು ಬಂದು, ಇದೇನು ಎಂದು ಕೇಳಿದರು.

ಬೇವಿನ ಗಿಡದ ಕೆಳಗಿನಿಂದ ಮೋತಿಬಿ ಎದ್ದು ಬಂದಳು. "ಇವು ಆರೇಳು ವರ್ಷ ಆತ್ರಿ ಶಾಲಿಗೆ ಹೋಗಾಕ ಹತ್ತಿ. ಒಂದಕ್ಕೂ ತನ್ನ ಹೆಸರು ಬರಿಯಾಕ ಬರೂದಿಲ್ಲ. ಇಲ್ಲೇ ಬರಸಿ ನೋಡ್ರಿ. ಓದೂದು ಕಲಸ್ರಿ ಸಾಹೇಬ್ರ, ಆಮ್ಯಾಲ ಎಷ್ಟ ಬೇಕಾದ್ರೂ ಓಡ್ತಾವ."

ಸಾಹೇಬರು ಎಲ್ಲರಿಗಿಂತ ಮುಂದೆ ಕೂತಿದ್ದ ಜನ್ನತಬಿಯ ಕೈಗೆ ಪೆನ್ನು ಕೊಟ್ಟರು. ಅಷ್ಟು ಜನರ ಮುಂದೆ ಅವಳು ಪೆನ್ನು ಹಿಡಿದು ಸುಮ್ಮನೆ ಕೂತಳು. ಆ ದಿನ ಅವಳು ಮಾಡಬೇಕಾಗಿದ್ದ ಕೆಲಸಗಳಲ್ಲಿ ಕೂರುವುದಕ್ಕಿಂತ ಕಷ್ಟದ್ದು ಅದು.

ಬಿಳಿ ಟೊಪ್ಪಿಗೆಯವನು ಸಂಜೆ ಬೇರೊಂದು ಊರಿನ ಹುಡುಗಿಯ ಹೆಸರು ಬರೆದುಕೊಂಡು ಹೋದ.

*

ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಜನಾಜಾ ಎತ್ತಿದರು. ಜನ್ನತಬಿಯ ಗಂಡ, ಮಗ ನವಾಜ, ನಜೀರಸಾಬ, ಫಾರೆಸ್ಟ್ ಗಾರ್ಡ್ ಹೆಗಲು ಕೊಟ್ಟರು. ಹೆಂಗಸರು ಬಾಗಿಲವರೆಗೆ ಬಂದು ನಿಂತರು. ಓಣಿ ತಿರುಗುವಲ್ಲಿ ಊರೊಳಗಿನ ಗಂಡಸರು ಒಬ್ಬೊಬ್ಬರಾಗಿ ಸೇರಿಕೊಂಡು ಹೆಗಲು ಬದಲಿಸುತ್ತಿದ್ದರು. ಶಾರದವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಜನ ಕರಗಿದ ಮೇಲೆ ಮನೆ ದೊಡ್ಡದಾಗಿ ಕಂಡಿತು. ಅಕ್ಕತಂಗಿಯರಿಬ್ಬರೂ ಪಡಸಾಲೆಯ ಗೋಡೆಗೆ ಒರಗಿ ಕೂತರು. ಹಲಗೆ ಇಟ್ಟಿದ್ದ ಜಾಗ ಇನ್ನೂ ಹಸಿಯಾಗಿದ್ದದ್ದು ಹಿತ್ತಲ ಬಾಗಿಲಿನಿಂದ ಕಾಣುತ್ತಿತ್ತು.

"ಮಾಸ್ತರ ಹಂಗ ಅನಬಾರದಿತ್ತು," ತಬಸ್ಸುಮ ಅಂದಳು.

"ಖರೇನ ಅಂದ್ರು."

ತಬಸ್ಸುಮ ಬಹಳ ಹೊತ್ತು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು. "ಆಪಾ, ನಾ ಯಾವತ್ತೂ ಕೇಳಿಲ್ಲ. ಅಮ್ಮನ ಮ್ಯಾಲ ನಿನಗ ಸಿಟ್ಟಿತ್ತೇನ?"

ಜನ್ನತಬಿ ಹುಡುಕಿದಳು. ಕತ್ತಲ ಕೋಣೆಯಲ್ಲಿ ಇಟ್ಟದ್ದೊಂದನ್ನು ಕೈಯಾಡಿಸಿ ಹುಡುಕುವ ಹಾಗೆ ಒಳಗೆಲ್ಲ ಹುಡುಕಿದಳು. ಸಿಕ್ಕಲಿಲ್ಲ. ಇಲ್ಲ ಎನ್ನಲೂ ಧೈರ್ಯವಾಗಲಿಲ್ಲ.

"ಗೊತ್ತಿಲ್ಲ," ಅಂದಳು. "ಕೆಲಸಿತ್ತು."

"ನನ್ನ ಮ್ಯಾಲ?"

"ನೀ ಸಣ್ಣಾಕಿದ್ದಿ."

*

ಕೆಲಸವಿತ್ತು ಎಂದದ್ದು ಸುಳ್ಳಲ್ಲ.

ಆಟದ ದಿನದ ನಂತರ ಊರ ಶಾಲೆಗೆ ಪಾಠ ಹೇಳಲು ಹೊಸ ಅಕ್ಕೋರು ಬಂದರು. ಓಣಿಯ ಮಕ್ಕಳನ್ನು ಮುಂದೆ ಕೂರಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಹುಕುಂ ಬಂದರೆ ಸಾಲದು, ಕಾಯುವವರು ಬೇಕು ಎಂದು ಮೋತಿಬಿ ದಿನಾ ಬೆಳಿಗ್ಗೆ ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂತಳು. ಮಕ್ಕಳ ಕೈಗೆ ಕಸಬರಿಗೆ ಕೊಟ್ಟರೆ ಎದ್ದು ಹೋಗಿ ಇಸಿದುಕೊಂಡು ತಾನೇ ಗುಡಿಸುತ್ತಿದ್ದಳು. ಯಾವುದೋ ಹುಡುಗ ಮತ್ತೆ ಹಿಂದಿನ ಸಾಲಿಗೆ ಹೋಗಿ ಕೂತರೆ ಕಿಟಕಿಯಿಂದ ಹೆಸರು ಹಿಡಿದು ಕರೆಯುತ್ತಿದ್ದಳು. ಮಳೆ ಬಂದರೆ ಗೋಣಿಚೀಲ ಹೊದ್ದು ಕೂರುತ್ತಿದ್ದಳು. ಊರವರು ನಕ್ಕರು, ಆಮೇಲೆ ಬೈದರು, ಆಮೇಲೆ ರೂಢಿಯಾಯಿತು. ತಬಸ್ಸುಮ ಒಂದನೆಯ ಇಯತ್ತೆಗೆ ಸೇರಿ, ಮೊದಲ ಬೆಂಚಿನಲ್ಲಿ ಕೂತದ್ದು ಆಗ.

ತಾಯಿ ಕಟ್ಟೆಯ ಮೇಲೆ ಕೂತರೆ ಹೊಲಕ್ಕೆ ಹೋಗುವವರು ಯಾರು? ತಂದೆ ಹಾಸಿಗೆ ಹಿಡಿದಿದ್ದ. ಜನ್ನತಬಿ ಶಾಲೆ ಬಿಟ್ಟು ತಾಯಿಯ ಕಳೆ ತೆಗೆಯುವ ಕುರ್ಚಿಗಿ ತೆಗೆದುಕೊಂಡು ಶಾರದವ್ವನ ಹೊಲಕ್ಕೆ ಹೋದಳು. ಹೋಗು ಎಂದು ಯಾರೂ ಹೇಳಲಿಲ್ಲ. ಒಂದು ಬೆಳಿಗ್ಗೆ ಹೋದಳು, ಮರುದಿನವೂ ಹೋದಳು. ಹೊಸ ಅಕ್ಕೋರು ಮನೆಗೆ ಬಂದು ಒಮ್ಮೆ ಕರೆದರು. ಆಗ ಉಳ್ಳಾಗಡ್ಡಿ ಕೀಳುವ ಸುಗ್ಗಿ.

ಆ ಓಟದ ಮಾತನ್ನು ತಾಯಿ ಮಗಳು ಮತ್ತೆ ಎತ್ತಲಿಲ್ಲ. ಮಗಳಿಗೆ ಓಣಿಯೊಳಗೇ ಮದುವೆಯಾಯಿತು. ತಾಯಿ ಮಗಳ ನಡುವೆ ಮೂರು ಮನೆ. ಚಳಿಗಾಲದಲ್ಲಿ ಜನ್ನತಬಿಯ ಹಿಮ್ಮಡಿಗಳು ಒಡೆದು ರಕ್ತ ಬರುತ್ತಿತ್ತು. ಸಂಜೆ ಮೋತಿಬಿ ಕುಸುಬಿ ಎಣ್ಣೆಯಲ್ಲಿ ಮೇಣ ಕಾಯಿಸಿ ಬಟ್ಟಲಲ್ಲಿ ಹಿಡಿದು ಬರುವಳು. ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬಿರುಕುಗಳಿಗೆ ತುಂಬುವಳು. ನವಾಜ ಡಿಗ್ರಿ ಮುಗಿಸಿ ಹುಲಕೋಟಿಯ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಮೋತಿಬಿ ಬರುವುದು ಬಿಡಲಿಲ್ಲ. ಜನ್ನತಬಿ, "ನಾ ಹಚ್ಕೋತೀನಿ, ಇಡು," ಎನ್ನುತ್ತಿದ್ದಳು. ಮೋತಿಬಿ ಕೇಳಿಸದವಳ ಹಾಗೆ ತಿಕ್ಕುತ್ತಿದ್ದಳು. ಕಣ್ಣು ಮಂಜಾದ ಮೇಲೆ ಬಿರುಕನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು.

*

ಮಣ್ಣು ಕೊಟ್ಟು ಗಂಡಸರು ಹಿಂದಿರುಗುವ ಹೊತ್ತಿಗೆ ಕಪ್ಪತಗುಡ್ಡದ ಕಡೆ ಮೋಡ ಕಟ್ಟಿತ್ತು. ನವಾಜ ಸ್ನೇಹಿತನ ಗಾಡಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ ಒಂದು ಫ್ಲೆಕ್ಸ್ ಬ್ಯಾನರ್ ತಂದ. ಓಣಿಯ ಕಲಿತ ಹುಡುಗರೆಲ್ಲ ಸೇರಿ ಮಾಡಿಸಿದ್ದು. ತಬಸ್ಸುಮಳ ಮದುವೆಯ ಫೋಟೋದಿಂದ ಮೋತಿಬಿಯ ಮುಖವನ್ನಷ್ಟೇ ತೆಗೆದು ದೊಡ್ಡದು ಮಾಡಿದ್ದರು. ಪಕ್ಕದಲ್ಲಿ ನಿಂತವರ ಹೆಗಲಿನ ಚೂರು ಒಂದು ಕಡೆ ಉಳಿದಿತ್ತು.

"ನಮ್ಮ ಧರ್ಮದಾಗಿಲ್ಲ, ಫೋಟೋ ಹಾಕಬಾರದಿತ್ತಲೇ," ನಜೀರಸಾಬ ಅಂದ. ಆದರೂ ತಾನೇ ಒಂದು ತುದಿ ಹಿಡಿದು ಅಂಗಳದ ಗೂಟಗಳಿಗೆ ಕಟ್ಟಿಸಿ, ಹೊರಟುಹೋದ. ಹುಡುಗರೂ ಹೋದರು. ತಬಸ್ಸುಮ ಒಳಗೆ ಹೋಗಿ ತಾಯಿಯ ಕೌದಿಯ ಮೇಲೆ ಅಡ್ಡಾಗಿದ್ದಳು, ನಿದ್ದೆ ಹತ್ತಿತ್ತು.

ಜನ್ನತಬಿ, ಶಾರದವ್ವ ಇಬ್ಬರೂ ಬ್ಯಾನರಿನ ಮುಂದೆ ನಿಂತರು. ಮುಖದ ಕೆಳಗೆ ಕೆಂಪು ಅಕ್ಷರದಲ್ಲಿ ಎರಡು ಸಾಲು ಬರೆದಿತ್ತು.

"ಏನಂತ ಬರದಾರವಾ?" ಶಾರದವ್ವ ಕೇಳಿದಳು.

"ನನಗೆಲ್ಲೆ ಬರತೈತ್ರಿ ಅವ್ವಾರ."

"ನನಗೂ ಬರೂದಿಲ್ಲ ನೋಡು," ಅಂದಳು ಶಾರದವ್ವ. ಇನ್ನೂ ಸ್ವಲ್ಪ ಹೊತ್ತು ಇಬ್ಬರೂ ಅದನ್ನೇ ನೋಡಿದರು. "ಚಲೋದ ಬರದಿರ್ತಾರ ಬಿಡು."

ಶಾರದವ್ವ ಮನೆಗೆ ಹೋದ ಮೇಲೆ ಗಾಳಿ ಎದ್ದಿತು. ಬ್ಯಾನರಿನ ಒಂದು ತುದಿ ಕಿತ್ತು ಪಟಪಟ ಬಡಿಯತೊಡಗಿತು. ದಪ್ಪ ಹನಿಗಳು ಒಂದೊಂದಾಗಿ ಬಿದ್ದವು. ಜನ ಕೂರಲೆಂದು ಬೆಳಿಗ್ಗೆ ಯಾರೋ ಅಂಗಳದ ಮೂಲೆಗೆ ಸರಿಸಿದ್ದ ಶೇಂಗಾದ ರಾಶಿ ಹಾಗೇ ತೆರೆದು ಬಿದ್ದಿತ್ತು. ತೊಯ್ದರೆ ಎರಡು ದಿನದಲ್ಲಿ ಮೊಳಕೆ ಒಡೆಯುತ್ತದೆ.

ಜನ್ನತಬಿ ಸುತ್ತ ನೋಡಿದಳು. ರಾಶಿಗೆ ಹೊದಿಸಲು ತಾಡಪಾಲು ಮನೆಯಲ್ಲಿರಲಿಲ್ಲ. ಗೂಟದ ಹಗ್ಗ ಬಿಚ್ಚಿದಳು. ಬ್ಯಾನರು ಗಾಳಿಗೆ ಉಬ್ಬಿ ಅವಳನ್ನೇ ಎಳೆಯಿತು. ಎರಡೂ ಕೈಯಿಂದ ಅಪ್ಪಿ ಹಿಡಿದು ತಂದು ಶೇಂಗಾದ ಮೇಲೆ ಹಾಸಿದಳು. ತಾಯಿಯ ಮುಖ ಮೇಲಾಯಿತು. ಅದರ ಮೇಲೆ ಹನಿ ಬೀಳುವುದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತುದಿ ಹಿಡಿದು ಮಗುಚಿ, ಮುಖವನ್ನು ಒಳಗೆ, ಶೇಂಗಾದ ಕಡೆ ಮಾಡಿ ಮುಚ್ಚಿದಳು. ನಾಲ್ಕು ಮೂಲೆಗೂ ಕಲ್ಲು ಹೇರಿದಳು.

ಬ್ಯಾನರಿನ ಬಿಳಿ ಬೆನ್ನಿನ ಮೇಲೆ ಮಳೆ ಸುರಿಯತೊಡಗಿತು.